ತುಟಿ ಕೂಡುವ ಹೊತ್ತು

ಆ ದಿನ ಗ್ರಹಣವನ್ನು ಯಾರೂ ನೋಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಊರಿಗೆ ಊರೇ ಅದನ್ನು ಕಣ್ಣಾರೆ ಕಂಡವರ ಹಾಗೆ ಮಾತಾಡಿತು. ಶಿರಂಗಾಲದ ಮೇಲೆ ಮುಂಗಾರಿನ ಮೋಡ ಕಂಬಳಿ ಹೊದ್ದು ಕೂತಿತ್ತು. ಸೂರ್ಯ ಹುಟ್ಟಿದನೋ ಇಲ್ಲವೋ ಎಂಬುದೇ ತಿಳಿಯುವಂತಿರಲಿಲ್ಲ, ಇನ್ನು ರಾಹು ಅವನನ್ನು ಎಷ್ಟು ನುಂಗಿದ ಎಂದು ಯಾರಿಗೆ ಗೊತ್ತಾಗಬೇಕು? ಪಂಚಾಂಗದಲ್ಲಿ ಬರೆದಿತ್ತು, ಅಷ್ಟೆ. ಹೊಳೆಯ ಆಚೆ ಮೈಸೂರು ರಾಜ್ಯ, ಈಚೆ ನಮ್ಮ ಕೊಡಗು ರಾಜ್ಯ. ಸರ್ಕಾರ ಎರಡಾದರೂ ಪಂಚಾಂಗ ಒಂದೇ.

ನಾನು, ಲಿಂಗಮ್ಮ, ಆಗ ಐದು ತಿಂಗಳ ಬಸುರಿ. ಅತ್ತೆ ರಂಗಮ್ಮ ಬೆಳಗ್ಗೆ ಎದ್ದವರೇ ನನ್ನನ್ನು ಒಳಕೋಣೆಗೆ ತಳ್ಳಿ, ಕಿಟಕಿಗೆ ಗೋಣಿಚೀಲ ಕಟ್ಟಿದರು.

"ಗ್ರಾಣ ಬುಡೋಗಂಟ ಆಚೆ ತಲೆ ಹಾಕ್ಬ್ಯಾಡ. ಕುಯ್ಯದು, ಮುರಿಯದು, ಹೊಲಿಯದು ಏನೂ ಮಾಡ್ಬ್ಯಾಡ. ಕಾಲು ಚಾಚ್ಕಂಡು ಸುಮ್ಕೆ ಮನೀಕೊ" ಎಂದರು.

ಸುಮ್ಮನೆ ಮಲಗುವುದೆಂದರೆ ನನಗೆ ಶಿಕ್ಷೆ. ಹುಟ್ಟಿದಾಗಿನಿಂದ ಕೂತಲ್ಲಿ ಕೂರದವಳು ನಾನು. ನಮ್ಮವ್ವ ಕಾಳಮ್ಮ ನನ್ನ ಕಾಲಲ್ಲಿ ಚಕ್ರ ಇದೆ ಎನ್ನುತ್ತಿದ್ದಳು. ಕತ್ತಲಲ್ಲಿ ಆ ಗೋಡೆಯಿಂದ ಈ ಗೋಡೆಗೆ ತಿರುಗಾಡಿದೆ. ಹೊಟ್ಟೆಯೊಳಗಿನದೂ ನನ್ನ ಹಾಗೆಯೇ, ಆ ಪಕ್ಕ ಈ ಪಕ್ಕ ಒದೆಯುತ್ತಿತ್ತು. ಗಂಡಸರು ಹೊಳೆಗೆ ಸ್ನಾನಕ್ಕೆ ಹೋಗಿದ್ದರು, ಅತ್ತೆ ದೇವರ ಮುಂದೆ ಕೂತಿದ್ದರು. ಆಗ ಕೊಟ್ಟಿಗೆಯಿಂದ ಗೊರಗೊರ ಎಂದು ಸದ್ದು ಬಂತು.

ಹೋಗಿ ನೋಡಿದರೆ ಎಳೆಗರು ಕಂಬಕ್ಕೆ ಸುತ್ತಿ ಸುತ್ತಿ ಹಗ್ಗ ಕುತ್ತಿಗೆಗೆ ಬಿಗಿದುಕೊಂಡಿತ್ತು. ನಾಲಗೆ ಹೊರಗೆ ಬಂದಿತ್ತು. ಗಂಟು ಬಿಚ್ಚಲು ಬರಲಿಲ್ಲ. ಸೂರಿಗೆ ಸಿಕ್ಕಿಸಿದ್ದ ಕುಡುಗೋಲು ಎಳೆದು ಹಗ್ಗ ಕತ್ತರಿಸಿದೆ. ತಿರುಗಿ ನೋಡಿದರೆ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಅವತ್ತು ಅವರೇನೂ ಬೈಯಲಿಲ್ಲ. "ಕರು ಉಳೀತಲ್ಲ, ಬುಡು. ಒಳೀಕ್ ನಡಿ" ಎಂದರು. ಆ ಕರುವಿನ ತಾಯಿಯ ಹಾಲನ್ನು ಆಮೇಲೆ ಎಲ್ಲರೂ ಕುಡಿದರು, ಅವರೂ ಕುಡಿದರು.

ದೀಪಾವಳಿಯ ಹಿಂದುಮುಂದು ಕೂಡಿಗೆಯ ನನ್ನ ತವರಿನಲ್ಲಿ ಹೆರಿಗೆಯಾಯಿತು. ಸೂಲಗಿತ್ತಿ ಚೋಮಿ "ಹೆಣ್ಣು ಕಣವ್ವ" ಎಂದವಳು ಮಗುವನ್ನು ದೀಪದ ಹತ್ತಿರ ಒಯ್ದು ಬಗ್ಗಿ ನೋಡಿದಳು. ಮಗುವನ್ನು ಕೊಡು ಎಂದು ಕೈ ಚಾಚಿದೆ. ಕೊಟ್ಟಳು. ಎಡ ಮೂಗಿನ ಹೊಳ್ಳೆಯ ಕೆಳಗೆ ಮೇಲ್ದುಟಿ ಎರಡಾಗಿ ಸೀಳಿತ್ತು.

ಸುಳ್ಳು ಹೇಳುವುದಿಲ್ಲ, ಮೊದಲು ಹೆದರಿದೆ. ಮಗು ಮೊಲೆಗೆ ಬಾಯಿ ಹಾಕಿತು, ಹಿಡಿತ ಸಿಗದೆ ಗಾಳಿ ಎಳೆದು ಕಿರುಚಿತು. ಚೋಮಿ ನನ್ನ ಬೆರಳು ಹಿಡಿದು ಸೀಳಿನ ಮೇಲೆ ಒತ್ತಿಸಿದಳು. ಆಗ ಕುಡಿಯಿತು. ನನ್ನ ಬೆರಳಿನಡಿಯಲ್ಲಿ ಆ ಪುಟ್ಟ ತುಟಿ ಎಳೆದು ಎಳೆದು ಕುಡಿಯುವುದು ಗೊತ್ತಾದ ಮೇಲೆ ಹೆದರಿಕೆ ಹೋಯಿತು, ಅದರ ಜಾಗದಲ್ಲಿ ಸಿಟ್ಟು ಬಂದು ಕೂತಿತು. ಯಾರ ಮೇಲೆ ಎಂದು ಮಾತ್ರ ಗೊತ್ತಿರಲಿಲ್ಲ.

"ಮೈಸೂರು ದೊಡ್ಡಾಸ್ಪತ್ರೇಲಿ ಇದ್ನ ಹೊಲೀತಾರಂತೆ" ಎಂದಳು ಚೋಮಿ. "ಒಸಿ ಮೈ ತುಂಬ್ಕಳ್ಳಿ, ಕರ್ಕಂಡೋಗು."

ಶಿರಂಗಾಲದಿಂದ ಎತ್ತಿನ ಗಾಡಿಯಲ್ಲಿ ಅತ್ತೆ, ಮಾವ, ನನ್ನ ಗಂಡ ಬಂದರು. ಗಂಡನ ಹೆಸರು ಹೇಳಬಾರದು ಎನ್ನುತ್ತಾರೆ, ಬರೆಯಬಾರದು ಎಂದು ಯಾರೂ ಹೇಳಿಲ್ಲ: ಸಿದ್ದರಾಜು. ಒಳ್ಳೆಯ ಮನುಷ್ಯ. ತನ್ನ ಅವ್ವ ಇದ್ದ ಕಡೆ ಮಾತ್ರ ಅವನಿಗೆ ಬಾಯಿ ಇರುವುದಿಲ್ಲ. ಅತ್ತೆ ಮಗುವಿನ ಮುಖದ ಮೇಲಿನ ಬಟ್ಟೆ ಸರಿಸಿದರು, ಹಾವು ಕಂಡವರ ಹಾಗೆ ಹಿಂದಕ್ಕೆ ಸರಿದರು.

"ಕುಡುಗೋಲು! ನಾನು ಬಡ್ಕಂಡೆ, ಕೇಳಿದ್ಲಾ ಇವ್ಳು? ಗ್ರಾಣದಾಗೆ ಕುಯ್ದ್ಲು, ಮಗೀನ ತುಟೀನೇ ಕುಯ್ದಾಕ್ಬುಟ್ಲು!"

ಕರು ಮರೆತುಹೋಗಿತ್ತು, ಕುಡುಗೋಲು ಮಾತ್ರ ಉಳಿದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಕರು ಉಳಿಸಿದ್ದಕ್ಕೆ ಬರೆ.

ಅತ್ತೆ ಅಲ್ಲೇ ಕಟ್ಟಳೆ ಹಾಕಿದರು. ನಾನು ಹಿರಿಯರ ಮುಂದೆ ನಿಂತು, ಗ್ರಹಣದಲ್ಲಿ ಕುಯ್ದದ್ದು ನಾನೇ, ಮಗುವಿಗೆ ಹೀಗಾದದ್ದು ನನ್ನಿಂದಲೇ ಎಂದು ಒಪ್ಪಿಕೊಳ್ಳಬೇಕು. ಆಮೇಲೆ ಶಾಂತಿ ಮಾಡಿಸಬೇಕು. ಆಮೇಲೆ ಹೆಸರಿಡುವುದು, ಮನೆಗೆ ಕರೆದುಕೊಳ್ಳುವುದು. ಮೈಸೂರಿನ ಮಾತು ಎತ್ತಿದ್ದಕ್ಕೆ, "ಕಬ್ಬಿಣ ಕೆಡಿಸಿದ್ದನ್ನ ಕಬ್ಬಿಣ ನೆಟ್ಟಗೆ ಮಾಡ್ತದಾ? ದೇವ್ರ ಕ್ವಾಪದ ಮ್ಯಾಲೆ ಇನ್ನೊಂದ್ಸಲ ಕತ್ತಿ ಮುಟ್ಟಿಸ್ತೀರಾ?" ಎಂದು ಬಾಯಿ ಮುಚ್ಚಿಸಿದರು.

ಮಾವ ಕೆಂಪಣ್ಣ ಒಳಗೇ ಬರಲಿಲ್ಲ. ಜಗಲಿಯಲ್ಲಿ ರಸ್ತೆಯ ಕಡೆ ಮುಖ ಮಾಡಿ ಕೂತಿದ್ದರು. ಅವರು ಹಾಗೆಯೇ, ಮಾತು ಕಡಿಮೆ. ಊಟಕ್ಕೂ ಗೋಡೆಯ ಕಡೆ ತಿರುಗಿ ಕೂರುತ್ತಿದ್ದರು. ಅವರ ಮೀಸೆ ಮಾತ್ರ ಸುತ್ತ ಹತ್ತೂರಿಗೆ ಗೊತ್ತು: ದಪ್ಪಗೆ, ತುಟಿಯನ್ನೇ ಮುಚ್ಚಿ ಇಳಿಬಿದ್ದ ಮೀಸೆ. ಆ ಮೀಸೆಗೆ ಒಂದು ಕೆಟ್ಟ ಹೆಸರೂ ಇತ್ತು. ಅವರ ಅಪ್ಪ ಸತ್ತಾಗ ಹೊಳೆ ದಂಡೆಯಲ್ಲಿ ಕ್ಷೌರದವನು ಕತ್ತಿ ಮಸೆದು ಕಾಯುತ್ತಿದ್ದನಂತೆ. ತಮ್ಮ ಜಯಪ್ಪ ಕೂತು ತಲೆ ಮೀಸೆ ಎರಡೂ ಬೋಳಿಸಿಕೊಂಡ. ಹಿರಿಯ ಮಗನಾದ ಮಾವ, ಕೊಳ್ಳಿ ಇಡಬೇಕಾದವರು, ತಲೆ ಕೊಟ್ಟರಂತೆ, ಮೀಸೆ ಕೊಡಲಿಲ್ಲ. ಅಪ್ಪನಿಗಿಂತ ಮೀಸೆ ದೊಡ್ಡದಾಯಿತಾ ಎಂದು ಊರು ಆಡಿಕೊಂಡಿತು. ಜಯಪ್ಪ ಅವತ್ತೇ ಪಾಲು ತೆಗೆದುಕೊಂಡು ಹೆಬ್ಬಾಲೆಗೆ ಹೋದವನು ಅಣ್ಣನ ಮನೆಯಲ್ಲಿ ಒಂದು ಲೋಟ ನೀರೂ ಕುಡಿದಿಲ್ಲ. ಇದೆಲ್ಲ ನಾನು ಮದುವೆಯಾಗಿ ಬಂದ ವಾರದಲ್ಲೇ ಕೇಳಿದ ಕಥೆ.

ಅವರು ಹೋದರು. ನಾನು ಬಾಣಂತಿ ಮಂಚದ ಮೇಲೆ ಉಳಿದೆ. ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ತುರುಕಿ, ಅಲ್ಲಾಡಬೇಡ ಎನ್ನುತ್ತಿದ್ದಳು ಅವ್ವ. ನಾನು ಮಂಚ ಇಳಿಯುವುದು, ಅವ್ವ ಬೈಯುವುದು, ಹತ್ತುವುದು, ಮತ್ತೆ ಇಳಿಯುವುದು. ಹೆಸರಿಲ್ಲದ ಮಗುವನ್ನು ಏನೆಂದು ಕರೆಯುವುದು? 'ಕೂಸೇ' ಎನ್ನುತ್ತಿದ್ದೆ. ನಾನು ಕುಯ್ದದ್ದು ನಿಜ. ಅವಳ ತುಟಿ ಸೀಳಿರುವುದೂ ನಿಜ. ಎರಡಕ್ಕೂ ನಂಟು ಇದ್ದರೆ? ಈ ಒಂದು ಮಾತು ತಲೆಯೊಳಗೆ ಗಾಣದ ಎತ್ತಿನ ಹಾಗೆ ಸುತ್ತುತ್ತಿತ್ತು.

ಅಂಥ ಹೊತ್ತಿನಲ್ಲಿ ವೆಂಕಟಕೃಷ್ಣ ಮೇಷ್ಟ್ರು ಮೊಟ್ಟೆಗೆ ಬಂದರು. ಕುಶಾಲನಗರದ ಸ್ಕೂಲಿನಲ್ಲಿ ವಿಜ್ಞಾನ ಹೇಳುವವರು. ಮಡಿಕೇರಿಯ ಕಡೆ ದೇವಸ್ಥಾನದ ಪೂಜೆ ಮಾಡುವ ಮನೆತನ. ಅವ್ವನ ಕೋಳಿ ಕಾವಿಗೆ ಕೂತಾಗೆಲ್ಲ ಸೈಕಲ್ಲಿನಲ್ಲಿ ಬಂದು, ಕಾವು ತಾಗಿದ ಮೊಟ್ಟೆ ಮೂರೋ ನಾಲ್ಕೋ ಕೊಂಡು, ಹುಡುಗರಿಗೆ ಒಡೆದು ತೋರಿಸಲು ಒಯ್ಯುತ್ತಿದ್ದರು. ಯಾರಿಗೂ ಕಾಣದಂತೆ ಶಲ್ಯದಲ್ಲಿ ಮುಚ್ಚಿಕೊಂಡು ಹೋಗುವುದನ್ನು ನೋಡಬೇಕು! ಅವರ ತಾಯಿಗೆ ಗೊತ್ತಾದರೆ ಮಗನನ್ನು ಹೊಳೆಯಲ್ಲಿ ಅದ್ದಿ ತೆಗೆಯುತ್ತಿದ್ದರೇನೋ. ಅವ್ವ ಕೋಳಿಯ ಬುಟ್ಟಿಯಲ್ಲಿ ಗುಡುಗಿಗೆ ಮೊಟ್ಟೆ ಕೆಡದಿರಲಿ ಎಂದು ಕಬ್ಬಿಣದ ಮೊಳೆ ಇಡುತ್ತಿದ್ದಳು. ಮೇಷ್ಟ್ರು ಅದಕ್ಕೆ ಒಂದು ದಿನವೂ ನಗಲಿಲ್ಲ. ಅದಕ್ಕೇ ಇರಬೇಕು, ಅವರ ಮುಂದೆ ಮಗುವಿನ ಮುಖದ ಬಟ್ಟೆ ಸರಿಸಿದೆ.

ಅವರು ಹಿಂದೆ ಸರಿಯಲಿಲ್ಲ. ಬಗ್ಗಿ ನೋಡಿದರು. ಬಾಯೊಳಗೆ ಅಂಗುಳ ಸರಿಯಾಗಿದೆಯಾ ಎಂದು ಕೇಳಿದರು. ಸರಿಯಾಗಿದೆ ಎಂದೆ. ಗ್ರಹಣ, ಕರು, ಕುಡುಗೋಲು ಎಲ್ಲ ಹೇಳಿದೆ. ಕೊನೆಗೆ ಕೇಳಿದೆ, "ನಾನೇ ಮಾಡಿದ್ದಾ ಮೇಷ್ಟ್ರೆ? ಇದ್ದದ್ದು ಇದ್ದಂಗೆ ಹೇಳ್ಬುಡಿ."

"ಗ್ರಹಣದ ದಿನ ಮಗು ಹೊಟ್ಟೇಲಿ ಒದೀತಿತ್ತಾ?"

"ಒದೀತಿತ್ತು. ಹಗ್ಗ ಕುಯ್ಯುವಾಗ್ಲೂ ಒದೀತು."

"ಹಾಗಾದ್ರೆ ನೀವಲ್ಲ. ತುಟಿಯ ಕೆಲಸ ಅದಕ್ಕಿಂತ ಎಷ್ಟೋ ಮುಂಚೆ ಮುಗಿದುಹೋಗಿತ್ತು" ಎಂದರು.

ಮಾತಿಗೆ ನಾನು ಬಗ್ಗುವವಳಲ್ಲ, ಅದು ಅವರಿಗೆ ನನ್ನ ಮುಖದಲ್ಲೇ ಕಂಡಿರಬೇಕು. ಚೀಲದಿಂದ ಸಣ್ಣ ಕತ್ತರಿ ತೆಗೆದು, ಬುಟ್ಟಿಯ ಒಂದು ಮೊಟ್ಟೆಯ ನೆತ್ತಿಯಲ್ಲಿ ಬಿಲ್ಲೆಯಷ್ಟು ಚಿಪ್ಪು ಬಿಡಿಸಿದರು. ಹಳದಿಯ ಮೇಲೆ ಕೆಂಪು ನೂಲಿನಂಥ ನರಗಳ ಬಲೆ, ನಡುವೆ ಒಂದು ಕೆಂಪು ಚುಕ್ಕೆ. ಚುಕ್ಕೆ ಮಿಡಿಯುತ್ತಿತ್ತು. ಮುಖವಿಲ್ಲ, ಕೊಕ್ಕಿಲ್ಲ, ಕಾಲಿಲ್ಲ, ಆಗಲೇ ಅದಕ್ಕೆ ಅವಸರ. ನಾನು ಮಂಚದ ಅಂಚಿಗೆ ಬಂದು ಕೂತೆ. ಅವ್ವ ಬೈಯುವುದನ್ನೂ ಮರೆತು ಬಗ್ಗಿ ನೋಡುತ್ತಿದ್ದಳು.

"ಮುಖ ಅನ್ನೋದು ಒಂದೇ ಸಲ ಆಗೋದಿಲ್ಲಮ್ಮ" ಎಂದರು ಮೇಷ್ಟ್ರು. "ಮೇಲಿಂದ ಒಂದು ಎಸಳು, ಎರಡು ಪಕ್ಕದಿಂದ ಎರಡೆಸಳು. ಬೆಳೀತಾ ಬೆಳೀತಾ ಬಂದು ಒಂದನ್ನೊಂದು ಮುಟ್ತವೆ. ಮುಟ್ಟಿದ ಕಡೆ ನಡುವಿನ ತೆಳು ಪೊರೆ ಕರಗಿ, ಒಳಗಿನದೆಲ್ಲ ಒಂದಾಗ್ಬೇಕು. ಕಡುಬಿನ ಅಂಚು ಒತ್ತಿ ಮುಚ್ಚೋದಿಲ್ವಾ, ಹಾಗೆ. ಮನುಷ್ಯರಲ್ಲಿ ಎರಡು ತಿಂಗಳು ತುಂಬೋದ್ರೊಳಗೆ ಅದು ಮುಗಿದಿರ್ತದೆ. ಆಗ ಮಗು ಒಂದು ಅವರೆಕಾಳಿನಷ್ಟಿರ್ತದೆ, ಅಷ್ಟೆ. ಆ ಹೊತ್ತಿಗೆ ಅಂಚು ಕೂಡಿದ್ರೆ ಕೂಡ್ತು. ಇಲ್ಲದಿದ್ರೆ ಇಲ್ಲ."

"ಯಾಕೆ ಕೂಡಕ್ಕಿಲ್ಲ?"

"ಬೆಳೆಯೋದಕ್ಕೆ, ಕರಗೋದಕ್ಕೆ, ಅಂಟೋದಕ್ಕೆ ಮೈಯೊಳಗೇ ಸಾಮಾನು ತಯಾರಾಗ್ಬೇಕು. ಪ್ರೋಟೀನು ಅಂತಾರೆ. ಯಾವುದನ್ನ ಎಷ್ಟು ಮಾಡ್ಬೇಕು, ಯಾವಾಗ ಮಾಡ್ಬೇಕು ಅಂತ ಅಪ್ಪನಿಂದ ಒಂದು ಪಾಲು, ಅಮ್ಮನಿಂದ ಒಂದು ಪಾಲು ಅಪ್ಪಣೆ ಬಂದಿರ್ತದೆ, ಜೀನು ಅಂತ. ಎಲ್ಲೋ ಏನೋ ಹೊತ್ತಿಗೆ ಸರಿಯಾಗಿ ಒದಗಲಿಲ್ಲ. ನಿಮ್ಮ ಮಗೂಗೆ ಯಾಕೆ ಹೀಗಾಯ್ತು ಅಂತ ನಂಗೂ ಗೊತ್ತಿಲ್ಲಮ್ಮ. ಯಾವಾಗ ಅನ್ನೋದು ಮಾತ್ರ ಗೊತ್ತು."

ನಾನು ಬೆರಳು ಮಡಿಚಿ ಹಿಂದಕ್ಕೆ ಎಣಿಸಿದೆ. ಎರಡು ತಿಂಗಳು ಎಂದರೆ ಯುಗಾದಿ. ಬೇವುಬೆಲ್ಲ ತಿಂದದ್ದೆಲ್ಲ ಹಿತ್ತಿಲಲ್ಲಿ ಕಕ್ಕಿಕೊಂಡಾಗ ಅತ್ತೆಯೇ ನಗುನಗುತ್ತ ನನ್ನ ಹಣೆ ಹಿಡಿದಿದ್ದರು. ಆ ಹೊತ್ತಿಗೇ ತುಟಿ ತನ್ನ ಪಾಡಿಗೆ ತಾನು ತೀರ್ಮಾನ ಮಾಡಿಕೊಂಡಿತ್ತು. ಕರು ಇನ್ನೂ ಹುಟ್ಟೇ ಇರಲಿಲ್ಲ. ನನಗೆ ಅಳು ಬಂತು. ಅವತ್ತು ಮೊದಲ ಸಲ ಜೋರಾಗಿ ಅತ್ತುಬಿಟ್ಟೆ.

ಈಗ ಸಿಟ್ಟಿಗೆ ಒಂದು ದಾರಿ ಸಿಕ್ಕಿತು. ಅತ್ತೆಮನೆಯವರು ಎರಡನೆಯ ಸಲ ಬಂದಾಗ ಮೇಷ್ಟ್ರನ್ನೂ ಕರೆಸಿದೆ. ಅವರು ಜಗಲಿಯಲ್ಲಿ ನಿಂತು ಪಾಪ, ಎಸಳು, ಪೊರೆ, ಅವರೆಕಾಳು ಎಲ್ಲ ಹೇಳಿದರು. ಅತ್ತೆ ಕೊನೆಯವರೆಗೂ ಕೇಳಿದರು.

"ಮೊಟ್ಟೆ ಒಡೆಯೋ ಅಯ್ನೋರ ಮಾತ್ನ ಯಾವ ಪಂಚಾಂಗದಾಗೆ ಬರ್ದವ್ರೆ?" ಎಂದರು.

ಅಯ್ಯನವರು ಕೆಂಪಾದರು. ಆದರೂ ಬಿಡಲಿಲ್ಲ. "ಕೆಲವು ಸಲ ವಂಶದಲ್ಲಿ ಹಿಂದೆ ಯಾರಿಗಾದ್ರೂ ಇರ್ತದೆ. ಅಜ್ಜನಿಗೋ ಮುತ್ತಜ್ಜಿಗೋ. ಎರಡೂ ಕಡೆ ವಿಚಾರಿಸಿ ನೋಡಿ."

ಅತ್ತೆ ಮೈಮೇಲೆ ಬಿಸಿನೀರು ಬಿದ್ದವರ ಹಾಗೆ ಎದ್ದರು. "ನಮ್ ವಂಸದಾಗೆ ಯಾರ್ಗೂ ಇಲ್ಲ! ಯಾರ್ಗೂ! ಬೇಕಾರೆ ಇವ್ರ ಕಡೆ ಹುಡುಕ್ಕಳಿ!" ಆ ಮಾತು ಮುಗಿಯುವ ಮೊದಲೇ ಮಾವನ ಕೈ ಮೀಸೆಗೆ ಹೋಗಿ ಎರಡು ಬೆರಳಿನಿಂದ ಅದನ್ನು ಒತ್ತಿ ಹಿಡಿಯಿತು. ಅವರು ಎದ್ದು ಗಾಡಿಯ ಹತ್ತಿರ ಹೋದರು. ನಾನು ನೋಡಿದೆ. ನೋಡಿಯೂ ನೋಡಲಿಲ್ಲ ಎಂದರೆ ಸರಿ, ನನ್ನ ಕಣ್ಣೆಲ್ಲ ಅತ್ತೆಯ ಮೇಲೆ ಇತ್ತು. ಹೊರಡುವಾಗ ಅತ್ತೆ ಗಡುವು ಕೊಟ್ಟರು. ಮುಂದಿನ ಹುಣ್ಣಿಮೆ ಕಳೆದು ಬರುತ್ತಾರೆ, ಹಿರಿಯನೆಂದು ಜಯಪ್ಪನನ್ನೂ ಕರೆತರುತ್ತಾರೆ. ಅವತ್ತು ಒಪ್ಪಿಕೊಂಡರೆ ಸರಿ. ಇಲ್ಲದಿದ್ದರೆ ನಾನೂ ಮಗುವೂ ಕೂಡಿಗೆಯಲ್ಲೇ ಇರಬೇಕು, ಅವರು ಮಗನಿಗೆ ಬೇರೆ ಹೆಣ್ಣು ನೋಡುತ್ತಾರೆ.

ಅಲ್ಲಿಂದ ನನಗೆ ಹುಚ್ಚೇ ಹಿಡಿಯಿತು. ನಮ್ಮ ಕಡೆ ಹುಡುಕಿ ಎಂದರಲ್ಲ, ಹುಡುಕಿದೆ. ಮಗು ನೋಡಲು ಬಂದ ನೆಂಟರ ಮುಖ ನೋಡುವುದನ್ನು ಬಿಟ್ಟು ತುಟಿ ನೋಡುತ್ತಿದ್ದೆ. ಚಿಕ್ಕಮ್ಮಂದಿರು, ಅವರ ಮಕ್ಕಳು, ಅಜ್ಜಿಯ ತಂಗಿ, ಒಬ್ಬರನ್ನೂ ಬಿಡಲಿಲ್ಲ. ಬೊಚ್ಚುಬಾಯಿಯ ಆ ಅಜ್ಜಿ ನಾನು ಮುತ್ತು ಕೊಡಲು ಬಗ್ಗಿದೆ ಎಂದುಕೊಂಡು ಕೆನ್ನೆ ಒಡ್ಡಿದಳು. ಮೈ ಒಣಗಿ ಹೊರಗೆ ಓಡಾಡುವಂತಾದ ಮೇಲೆ ಸಂತೆಗೆ ಹೋದೆ, ಬಸ್ಸು ನಿಲ್ಲುವ ಕಡೆ ನಿಂತೆ. ಮಲೆಯಾಳದವರು, ತಮಿಳರು, ಕೊಡವರು, ಎಷ್ಟು ಭಾಷೆ ಆಡುವ ಎಷ್ಟು ತುಟಿಗಳು, ಎಲ್ಲ ನೆಟ್ಟಗೆ ಕೂಡಿದವು. ಜಗತ್ತಿನಲ್ಲಿ ನನ್ನ ಕೂಸು ಒಂದೇ ಹೀಗೆ ಎನಿಸಿ ಮನೆಗೆ ಓಡಿಬಂದು ಅವಳನ್ನು ಎತ್ತಿಕೊಂಡು ಅಂಗಳದಲ್ಲಿ ಸುತ್ತುತ್ತಿದ್ದೆ.

ಸಿದ್ದಾಪುರದ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ನಮ್ಮವ್ವನ ತಮ್ಮ ತಿಮ್ಮಯ್ಯ ಮಾವ, ಹಣ್ಣು ಕೊಯ್ಯುವ ಪಿಕಿಂಗ್ ಮುಗಿದ ಮೇಲೆ ಮಗು ನೋಡಲು ಬಂದ. ಲೈನುಮನೆಗಳ ಆಳುಗಳನ್ನು ಗದರಿಸುವವನು, ನನ್ನ ಮುಂದೆ ಕೂತು ಕಾಫಿ ಕುಡಿಯುತ್ತಿದ್ದ.

"ಮಾವ, ಒಸಿ ಮೀಸೆ ಎತ್ತು" ಎಂದೆ.

"ಏನಂದೆ?"

"ಮೀಸೆ ಎತ್ತು ಅಂದೆ. ಕೆಳ್ಗಡೆ ತುಟಿ ಎಂಗೈತೆ ನೋಡ್ಬೇಕು."

ಪಾಪ, ಎತ್ತಿ ತೋರಿಸಿದ. ಹೊಗೆಸೊಪ್ಪಿನ ಕಲೆ ಬಿಟ್ಟರೆ ಏನೂ ಇರಲಿಲ್ಲ. ಹಿತ್ತಿಲಿಗೆ ಹೋಗಿ ಅವ್ವನಿಗೆ, "ಅಕ್ಕ, ಇವ್ಳಿಗೆ ತಲೆ ನೆಟ್ಟಗಿಲ್ಲ, ಯಾರ್ಗಾರ ತೋರ್ಸು" ಎಂದು ಪಿಸುಗುಟ್ಟಿದ.

ನಾನು ಅವನು ಬಿಟ್ಟುಹೋದ ಲೋಟವನ್ನೇ ನೋಡುತ್ತ ನಿಂತೆ. ಊರೆಲ್ಲದರ ತುಟಿ ನೋಡಿದ್ದೇನೆ. ಒಂದೇ ಮನೆಯಲ್ಲಿ ಇದ್ದೂ ನಾನು ನೋಡದ ತುಟಿ ಯಾರದು? ಗೋಡೆಗೆ ತಿರುಗಿ ಉಣ್ಣುವವರು. ಅಪ್ಪನ ಹೆಣದ ಮುಂದೂ ಮೀಸೆ ಕೊಡದವರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ವಂಶ ಎಂದ ಕೂಡಲೇ ಕೆಂಪಣ್ಣ ಮಾವನ ಕೈ ಮೀಸೆಗೆ ಹೋದದ್ದು ಈಗ ಕಣ್ಣಿಗೆ ಕಟ್ಟಿತು. ಅಲ್ಲೇ ಕೂತೆ. ಅತ್ತೆಗೂ ಗೊತ್ತು. ಕಟ್ಟಿಕೊಂಡ ಹೆಂಡತಿಗೆ ಗೊತ್ತಿರದೆ ಇರುತ್ತದೆಯೇ? ಅದಕ್ಕೇ ಅಷ್ಟು ಕೂಗಾಟ.

ಗೊತ್ತಾಗಿ ಏನು ಮಾಡುವುದು? ಸೊಸೆಯಾದವಳು ಮಾವನ ಎದುರು ನಿಂತು ಮಾತಾಡುವುದೇ ಇಲ್ಲ, ಇನ್ನು ಮೀಸೆ ಎತ್ತಿ ಎನ್ನುವುದುಂಟೇ? ಎಲ್ಲರ ಮುಂದೆ ಕೂಗಿ ಹೇಳಲೇ? ನನಗೆ ಬಾಯಿ ಇದೆ, ಬಾಯಿಯಲ್ಲಿ ವಿಷವೂ ಇದೆ. ಆದರೆ ಆ ಮನುಷ್ಯ ನನಗೆ ಒಂದು ದಿನವೂ ಗಡುಸಾಗಿ ಮಾತಾಡಿದವರಲ್ಲ. ಜೀವಮಾನವಿಡೀ ಮುಚ್ಚಿಟ್ಟದ್ದನ್ನು ನಾನು ಬೀದಿಗೆ ಎಳೆದರೆ, ನನ್ನ ಮಗುವಿನ ಬಟ್ಟೆ ಸರಿಸಿ ಕಿರುಚಿದವರಿಗೂ ನನಗೂ ಏನು ವ್ಯತ್ಯಾಸ? ಹುಣ್ಣಿಮೆಯವರೆಗೂ ಇದನ್ನೇ ನುಂಗುತ್ತ ಉಗುಳುತ್ತ ಅಂಗಳ ಸವೆಸಿದೆ.

ಅವರು ಬಂದರು. ಜಗಲಿಯಲ್ಲಿ ಚಾಪೆ ಹಾಸಿದೆವು. ಒಂದು ತುದಿಗೆ ಜಯಪ್ಪ, ಇನ್ನೊಂದು ತುದಿಗೆ ಮಾವ, ನಡುವೆ ಇಬ್ಬರ ಮುನಿಸು. ಅತ್ತೆ ಕಂಬಕ್ಕೆ ಒರಗಿದರು. ನನ್ನ ಗಂಡ ಅಂಗಳದಲ್ಲಿ ನಿಂತು ಎತ್ತಿನ ಕೊಂಬು ನೋಡುತ್ತಿದ್ದ. ಅವ್ವ ಬೆಳಗಿನಿಂದ ನನ್ನ ಕಿವಿ ಕಚ್ಚಿದ್ದಳು: "ಎಲ್ಡ್ ಮಾತು ಕಣೆ. ತಪ್ಪಾಯ್ತು ಅನ್ನು. ಅನ್ನೋದ್ರಾಗೆ ಏನ್ ಗಂಟೋಯ್ತದೆ? ಸಂಸಾರ ಉಳೀತದೆ."

"ಹೇಳವ್ವ" ಎಂದ ಜಯಪ್ಪ, ಮೆತ್ತಗೆ. "ಒಪ್ಕಂಡ್ರೆ ಇವತ್ತೇ ಗಾಡಿ ಹತ್ತು."

ನಾನು ಮಗುವನ್ನು ಎತ್ತಿಕೊಂಡು ನಿಂತಿದ್ದೆ. ಎರಡು ಮಾತು. ನಾಲಗೆಯ ತುದಿಯವರೆಗೆ ಬಂದಿತ್ತು, ಸುಳ್ಳಲ್ಲ. ಆಮೇಲೆ ಮೈಸೂರು ಇಲ್ಲ, ಹೊಲಿಗೆ ಇಲ್ಲ. ಮಗಳು ಬೆಳೆದು, ಯಾಕವ್ವ ನನ್ನ ತುಟಿ ಹೀಗೆ ಎಂದರೆ, ನಾನೇ ಕುಯ್ದೆ ಎನ್ನಬೇಕು. ಕಾಲು ತಾನಾಗಿ ನಡೆಯಿತು. ಮಾವನ ಮುಂದೆ ಹೋಗಿ ಕೂತು, ಮಗುವನ್ನು ಅವರ ಮಡಿಲಲ್ಲಿ ಇಟ್ಟೆ. ಅತ್ತೆ ಉಸಿರು ಎಳೆದುಕೊಂಡದ್ದು ಕೇಳಿಸಿತು.

"ಮಾವ, ಅವ್ರು ಹೇಳೋ ಎಲ್ಡ್ ಮಾತೂ ಹೇಳ್ಬುಡ್ತೀನಿ. ನೀವು ಮಗೀನ ಒಂದ್ಸಲ ನೋಡಿ, ಹೇಳು ಅನ್ನಿ. ಸಾಕು."

ಅವರು ಅದುವರೆಗೂ ಮಗುವನ್ನು ನೋಡಿಯೇ ಇರಲಿಲ್ಲ. ತಲೆ ತಗ್ಗಿಸಿ ನೋಡಿದರು. ಬಹಳ ಹೊತ್ತು ನೋಡಿದರು. ನೇಗಿಲು ಹಿಡಿದು ಒರಟಾದ ಬೆರಳಿನಿಂದ ಆ ಸೀಳನ್ನು ಒಂದಿಷ್ಟೇ ಮುಟ್ಟಿದರು. ಕೂಸು ಬೆರಳನ್ನೇ ಹಾಲು ಎಂದುಕೊಂಡು ಚೀಪಲು ಹೊರಟಿತು. ಮಾವ ಮಗುವನ್ನು ನನ್ನ ಕೈಗೆ ಕೊಟ್ಟು ಎದ್ದರು. ಟವೆಲು ಹೆಗಲಿಗೆ ಹಾಕಿಕೊಂಡು, ಅಂಗಳ ದಾಟಿ ರಸ್ತೆಗೆ ಇಳಿದರು.

"ನೋಡ್ದಾ? ಅವ್ರನ್ನೂ ಎಬ್ಬಿಸಿ ಕಳ್ಸಿದ್ಲು!" ಎಂದರು ಅತ್ತೆ. ಅವರ ದನಿಯಲ್ಲಿ ಮೊದಲಿನ ಜೋರು ಇರಲಿಲ್ಲ. ಕಣ್ಣು ರಸ್ತೆಯ ಮೇಲೆಯೇ ಇತ್ತು.

ಕಾದೆವು. ಅವ್ವ ತಂದ ಕಾಫಿ ಎಲ್ಲರ ಮುಂದೆ ಆರಿತು. ನಾನು ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದೆ, ಯಾರೂ ಕೂರು ಎನ್ನಲಿಲ್ಲ. ಕೆಟ್ಟ ಕೆಲಸ ಮಾಡಿದೆನೇ? ಆ ಮನುಷ್ಯ ಹೊಳೆಯ ಕಡೆ ಹೋದರೇ? ಗಂಡನನ್ನು ಕರೆದು, ಹೋಗಿ ನೋಡಿ ಎಂದೆ. ಅವನು ಹೊರಡುವಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಮಾವ ಕಂಡರು. ಹಿಂದೆಯೇ ಬಸ್ಸು ನಿಲ್ಲುವ ಕಡೆ ಮರದಡಿ ಕ್ಷೌರ ಮಾಡುವ ಜವರ, ಕತ್ತಿಯ ಚೀಲ ಹಿಡಿದು ಓಡುತ್ತ ಬರುತ್ತಿದ್ದ.

ಮಾವ ಅಂಗಳಕ್ಕೆ ಬಂದು ಬಾಯಿಗೆ ಅಡ್ಡ ಹಿಡಿದಿದ್ದ ಟವೆಲು ತೆಗೆದರು. ಮೀಸೆ ಇರಲಿಲ್ಲ.

ನಮ್ಮವ್ವ ಎದೆ ಹೊಡೆದುಕೊಂಡಳು. "ಅಯ್ಯೋ ಸಿವ್ನೇ, ಯಾರೋದ್ರು? ಯಾರ್ ಸತ್ರು?" ನಮ್ಮಲ್ಲಿ ಮೀಸೆ ಹೋಯಿತು ಎಂದರೆ ಮನೆಯಲ್ಲಿ ಹೆಣ ಬಿತ್ತು ಎಂದೇ ಲೆಕ್ಕ.

"ನಾನ್ ಬ್ಯಾಡ ಅಂದೆ ಕಣ್ರಪ್ಪ, ಅವ್ರೇ ಕುಂತ್ರು" ಎಂದು ಜವರ ಏದುಸಿರಿನಲ್ಲಿ ಹೇಳುತ್ತಿದ್ದ.

ಯಾರೂ ಅವನ ಕಡೆ ನೋಡಲಿಲ್ಲ. ಮಾವನ ಎಡ ಮೂಗಿನ ಹೊಳ್ಳೆಯ ಕೆಳಗೆ, ಬಿಸಿಲು ಕಾಣದೆ ಬೆಳ್ಳಗಾದ ಚರ್ಮದ ನಡುವೆ, ತುಟಿ ಸೀಳಿತ್ತು. ಕೂಸಿನದರಷ್ಟು ಅಗಲ ಅಲ್ಲ. ಆದರೆ ಅದೇ ಜಾಗ, ಅದೇ ಪಕ್ಕ. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

"ಯಾರೂ ಸತ್ತಿಲ್ಲ" ಎಂದರು ಮಾವ. ಆಮೇಲೆ ಆಡಿದಷ್ಟು ಮಾತನ್ನು ನಾನು ಅವರ ಬಾಯಿಂದ ಒಟ್ಟಿಗೆ ಕೇಳಿದ್ದು ಅವತ್ತೇ. "ನಾನ್ ಹುಟ್ಟಿದಾಗ ನಮ್ಮವ್ವನ್ನೂ ಇಂಗೇ ನಿಲ್ಲಿಸಿ ಕೇಳಿದ್ರು. ಗ್ರಾಣದ ದಿನ ಅವ್ಳು ಏನೂ ಕುಯ್ದಿರ್ಲಿಲ್ಲ, ಜರ ಬಂದು ಮನ್ಗಿದ್ಲು. ಆದ್ರೂ ಒಪ್ಕಂಡ್ಲು, ಸಂಸಾರ ಉಳೀಲಿ ಅಂತ. ಸಾಯೋಗಂಟ ಅವ್ಳ ಕೈಗೆ ಯಾರೂ ಈಳಿಗೆ ಕೊಡ್ಲಿಲ್ಲ. ಅವ್ಳನ್ನ ಮನೀಗೆ ಕರ್ಕಂಡ್ರು, ನನ್ನ ಕರ್ಕಳ್ಳಿಲ್ಲ. ಅಜ್ಜಿ ಮನೇಲಿ ಬೆಳ್ದೆ. ಮೀಸೆ ಬಂದು ಮುಚ್ಕಂಡ್ ಮ್ಯಾಲೆ ನಮ್ಮಪ್ಪ ಬಾ ಅಂದ." ಜಯಪ್ಪನ ಕಡೆ ತಿರುಗಿದರು. "ನೀನಾಗ ಹುಟ್ಟಿರ್ಲಿಲ್ಲ, ಆಮ್ಯಾಕೂ ನಿಂಗ್ಯಾರೂ ಹೇಳ್ಲಿಲ್ಲ. ಆ ಮೀಸೆ ನೋಡಿ ಮಗ ಅಂದೋನು ಕಣೋ ಅವ್ನು. ಅವ್ನ ಹೆಣದ ಮುಂದೆ ಅದ್ನ ಎಂಗ್ ತಗೀಲಿ?"

ಜಯಪ್ಪ ಎದ್ದು ನಿಂತಿದ್ದ. ಅಣ್ಣನಿಗೆಂದು ಇಟ್ಟಿದ್ದ ಆರಿದ ಕಾಫಿಯ ಲೋಟವನ್ನು ಎತ್ತಿ ಕುಡಿದುಬಿಟ್ಟ. "ಅವತ್ತೇ ಹೇಳ್ಬಾರ್ದಿತ್ತಾ ಅಣ್ಣ" ಎಂದ. ಕಣ್ಣಲ್ಲಿ ನೀರು ಇಳಿಯುತ್ತಿತ್ತು. "ಹೋಗ್ಲಿ. ಅಪ್ಪನ ಕೆಲ್ಸ ಇವತ್ತಿಗೆ ಮುಗೀತು ಅನ್ಕತೀನಿ."

ಅತ್ತೆ ಸೆರಗಿನ ಒಳಗಿನಿಂದಲೇ ಹೇಳಿದರು, "ಇವ್ರನ್ನ ಜನ ಆಡ್ಕಳಾಂಗ್ ಆಗ್ಬಾರ್ದು ಅಂತ ಕಣವ್ವ..." ನನಗೆ ಅವರ ಮೇಲಿನ ಸಿಟ್ಟು ಪೂರ್ತಿ ಹೋಯಿತು ಎಂದರೆ ಸುಳ್ಳಾಗುತ್ತದೆ. ಅರ್ಧ ಹೋಯಿತು. ಉಳಿದರ್ಧ ಈಗಲೂ ಇದೆ, ಇರಲಿ.

ಮಾವ ನನ್ನ ಹತ್ತಿರ ಬಂದು ಕೈ ಚಾಚಿದರು. ಕೂಸನ್ನು ಕೊಟ್ಟೆ. ಬಿಸಿಲಿಗೆ ಹಿಡಿದು ಮುಖ ನೋಡಿದರು. ಕೂಸು ಕೈ ಬೀಸಿ ಅವರ ಬೋಳು ತುಟಿಯನ್ನು ಹಿಡಿಯಿತು. ಅವರು ಬಿಡಿಸಿಕೊಳ್ಳಲಿಲ್ಲ.

"ಮುದ್ದಮ್ಮ ಅಂತ ಕರೀರಿ. ನಮ್ಮವ್ವನ ಹೆಸ್ರು" ಎಂದರು. ಆಮೇಲೆ ಮಗನ ಕಡೆ ತಿರುಗಿ, "ಸಿದ್ದ, ಗಾಡಿ ಕಟ್ಬ್ಯಾಡ. ಮೈಸೂರ್ ಬಸ್ಸು ಎಷ್ಟೊತ್ಗೆ ಅಂತ ಜವರನ್ನ ಕೇಳು."

"ಮೊದ್ಲು ಮನೀಗೆ ಕರ್ಕಂಡೋಗಿ, ಆಮ್ಯಾಕೆ..." ಎಂದು ಅತ್ತೆ ಶುರು ಮಾಡಿದರು.

"ಮೊದ್ಲು ಮೈಸೂರು" ಎಂದರು ಮಾವ. "ನಂದು ಎಂಗೋ ನಡೀತು. ಈ ಮಗೀಗೆ ಮೀಸೆ ಬರಕ್ಕಿಲ್ಲ ಕಣೆ ರಂಗಿ."